ಗ್ರಾಮಸಭೆಯ ಕಾರ್ಯಸೂಚಿಯಲ್ಲಿ ಕಾಣದ ವಿಷಯ

ಪ್ರತಿವರ್ಷ ಗಾಂಧಿ ಜಯಂತಿಯ ಆಸುಪಾಸಿನಲ್ಲಿ ಗ್ರಾಮ ಪಂಚಾಯಿತಿಗಳು ಮುಂದಿನ ವರ್ಷದ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸಲು ತೊಡಗುತ್ತವೆ. ಊರಿನ ಯೋಜನೆಯನ್ನು ಊರಿನವರೇ ರೂಪಿಸಬೇಕೆಂಬ ಆಶಯದಿಂದ 2018ರಿಂದ ದೇಶದಾದ್ಯಂತ ಈ ಅಭಿಯಾನ ನಡೆದುಬಂದಿದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲೂಕುಗಳ ಸಭೆಗಳಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿದವರಿಗೆ ಅಲ್ಲಿ ಬರುವ ಬೇಡಿಕೆಗಳ ಪರಿಚಯ ಇದ್ದೇ ಇದೆ. ಹಳ್ಳಕ್ಕೊಂದು ಕಾಲುಸಂಕ, ರಸ್ತೆಗೊಂದು ಮೋರಿ, ತಿರುವಿಗೊಂದು ಬೀದಿದೀಪ, ಕುಡಿಯುವ ನೀರಿಗೊಂದು ಹೊಸ ಕೊಳವೆಬಾವಿ, ಮನೆಯಿಲ್ಲದವರಿಗೊಂದು ಮನೆ. ಇವೆಲ್ಲವೂ ನ್ಯಾಯವಾದ ಬೇಡಿಕೆಗಳೇ. ಮಳೆಗಾಲದಲ್ಲಿ ಹಳ್ಳ ದಾಟಲಾಗದೆ ಶಾಲೆ ತಪ್ಪಿಸಿಕೊಳ್ಳುವ ಮಗುವಿನ ತಂದೆಗೆ ಕಾಲುಸಂಕಕ್ಕಿಂತ ದೊಡ್ಡ ವಿಷಯ ಬೇರೊಂದಿರಲಾರದು. ಆದರೆ ಹವಾಮಾನ ಬದಲಾವಣೆ ಎಂಬ ಶಬ್ದವು ಆ ಸಭೆಯ ನಡವಳಿ ಪುಸ್ತಕದಲ್ಲಿ ಬರೆಯಲ್ಪಡುವುದು ಅಪರೂಪ. ಅದು ದೆಹಲಿಯ ವಿಷಯ, ವಿಶ್ವಸಂಸ್ಥೆಯ ವಿಷಯ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ವಾರದ ಅಂಕಣದಲ್ಲಿ ಆ ಭಾವನೆಯನ್ನೇ ಸ್ವಲ್ಪ ಪರಿಶೀಲಿಸಲು ಬಯಸುತ್ತೇವೆ.

ಹವಾಮಾನವು ಬದಲಾಗಿದೆಯೆಂದು ಮಲೆನಾಡಿನ ಕೃಷಿಕನಿಗೆ ಯಾರೂ ಉಪನ್ಯಾಸ ಮಾಡಬೇಕಾಗಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಬರಬೇಕಾದ ಹೂಮಳೆ ಹೊತ್ತಲ್ಲದ ಹೊತ್ತಿನಲ್ಲಿ ಬಂದು ಕಾಫಿ ಗಿಡ ಅಕಾಲದಲ್ಲಿ ಹೂ ಬಿಟ್ಟುದನ್ನು ಅವನು ಕಂಡಿದ್ದಾನೆ. ಅಡಿಕೆ ಸುಲಿದು ಬೇಯಿಸಿ ಅಂಗಳದಲ್ಲಿ ಹರವಿದ ಮೇಲೆ ನವೆಂಬರಿನ ಮೋಡ ಕವಿದುದನ್ನು ಕಂಡಿದ್ದಾನೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಹಿಂದೆ ಎರಡು ಬಾರಿ ಹೊಡೆದು ನಿಶ್ಚಿಂತನಾಗಿದ್ದವನು ಇಂದು ಮೂರನೆಯ, ನಾಲ್ಕನೆಯ ಬಾರಿಗೆ ಮೈಲುತುತ್ತ ತರಲು ಪೇಟೆಗೆ ಓಡುತ್ತಾನೆ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶೃಂಗೇರಿಯ ತಗ್ಗು ಬೀದಿಗಳಿಗೆ ನುಗ್ಗಿದುದೂ, 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿದುದೂ ನಾಲ್ಕೇ ವರ್ಷಗಳ ಅಂತರದಲ್ಲಿ. ಮಳೆಗಾಗಿ ನಾಡಿನ ಜನ ಕಿಗ್ಗದ ಋಷ್ಯಶೃಂಗ ಸನ್ನಿಧಿಗೆ ಹೋಗಿ ಬೇಡುವ ಪದ್ಧತಿ ಬಹು ಹಿಂದಿನದು. ಮಳೆಯ ವಿಷಯದಲ್ಲಿ ಮನುಷ್ಯನ ಅಸಹಾಯಕತೆಯನ್ನು ಬಲ್ಲ ನೆಲ ಇದು.

ಆದರೂ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಒಂದರ ನಂತರ ಇನ್ನೊಂದು ನಡೆಯಿತೆಂದ ಮಾತ್ರಕ್ಕೆ ಮೊದಲಿನದೇ ಎರಡನೆಯದಕ್ಕೆ ಕಾರಣವಲ್ಲವೆಂಬುದು ತರ್ಕಶಾಸ್ತ್ರದ ಪ್ರಾಥಮಿಕ ಪಾಠ. ಶೃಂಗೇರಿ, ಕೊಪ್ಪದ ತೋಟಗಳನ್ನು ದಶಕಗಳಿಂದ ಕಾಡುತ್ತಿರುವ ಹಳದಿ ಎಲೆ ರೋಗಕ್ಕೆ ಮೂಲ ಒಂದು ಸೂಕ್ಷ್ಮಜೀವಿ. ಅದನ್ನೂ ಹವಾಮಾನದ ತಲೆಗೆ ಕಟ್ಟಿದರೆ ರೋಗಕ್ಕೆ ಮದ್ದು ಹುಡುಕುವುದನ್ನೇ ನಾವು ನಿಲ್ಲಿಸಿಬಿಟ್ಟೇವು. ಎಲೆಚುಕ್ಕಿ ರೋಗವು ಶಿಲೀಂಧ್ರದಿಂದ ಬರುವಂಥದು. ತೇವದ ದಿನಗಳು ಹೆಚ್ಚಿದಷ್ಟೂ ಅದಕ್ಕೆ ಅನುಕೂಲ. ಹೀಗೆ ಒಂದೊಂದು ಕಷ್ಟದಲ್ಲಿಯೂ ಹವಾಮಾನದ ಪಾಲೆಷ್ಟು, ಬೇರೆಯದರ ಪಾಲೆಷ್ಟು ಎಂದು ಬಿಡಿಸಿ ನೋಡಬೇಕು. ಇಂಥ ಬಿಡಿಸಿ ನೋಡುವ ಕೆಲಸ ನಮ್ಮ ನೆಲಕ್ಕೆ ಹೊಸದೇನಲ್ಲ. ಕಾಫಿಯ ಎಲೆರೋಗಗಳಿಗೆ ಪರಿಹಾರ ಹುಡುಕಲು 1915ರಲ್ಲಿ ಕೊಪ್ಪದಲ್ಲಿಯೇ ಒಂದು ತಾತ್ಕಾಲಿಕ ಸಂಶೋಧನಾ ಘಟಕ ಸ್ಥಾಪನೆಯಾಗಿತ್ತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಮೈಸೂರು ಸರ್ಕಾರದ ಕಾಫಿ ಪ್ರಯೋಗ ಕೇಂದ್ರ ಬಂದಿತು. ರೋಗವಿದ್ದಲ್ಲಿಗೇ ವೈದ್ಯನನ್ನು ಕಳುಹಿಸಿದ ಕಾಲ ಅದು.

ಹವಾಮಾನ ಬದಲಾವಣೆಗೆ ಮನುಷ್ಯರು ಎರಡು ಬಗೆಯಲ್ಲಿ ಉತ್ತರಿಸಬಹುದು. ಬಂದ ಕಷ್ಟಕ್ಕೆ ತಕ್ಕಂತೆ ಹೊಂದಿಕೊಳ್ಳುವುದು ಒಂದು: ಗುಡ್ಡ ಜರಿಯುವ ಕಡೆ ಮನೆ ಕಟ್ಟದಿರುವುದು, ಇಂಗುಗುಂಡಿ ತೋಡುವುದು, ಬೆಳೆಯ ಕ್ರಮ ಬದಲಿಸುವುದು. ಕಷ್ಟದ ಮೂಲವನ್ನೇ ತಗ್ಗಿಸುವುದು ಇನ್ನೊಂದು: ವಾತಾವರಣಕ್ಕೆ ಸೇರುವ ಇಂಗಾಲದ ಡೈಆಕ್ಸೈಡ್, ಮೀಥೇನ್ ಮೊದಲಾದ ಅನಿಲಗಳನ್ನು ಕಡಿಮೆ ಮಾಡುವುದು. ಮೊದಲನೆಯದು ಪಂಚಾಯಿತಿಯ ಕೆಲಸವೆಂದು ಎಲ್ಲರೂ ಒಪ್ಪುತ್ತಾರೆ. ಎರಡನೆಯದನ್ನು ಹೇಳಿದ ಕೂಡಲೆ ಒಂದು ಪ್ರಶ್ನೆ ಎದ್ದುಬರುತ್ತದೆ, ಮತ್ತು ಅದು ಹಗುರವಾದ ಪ್ರಶ್ನೆಯಲ್ಲ: “ನಾವೇಕೆ?”

ಭಾರತೀಯನೊಬ್ಬ ಸರಾಸರಿಯಾಗಿ ವರ್ಷಕ್ಕೆ ಹೊರಹಾಕುವ ಇಂಗಾಲದ ಡೈಆಕ್ಸೈಡ್ ಸುಮಾರು 2 ಟನ್. ಜಗತ್ತಿನ ಸರಾಸರಿ ಅದರ ಎರಡು ಪಟ್ಟಿಗೂ ಹೆಚ್ಚು. ಅಮೆರಿಕದವನದು ಆರೇಳು ಪಟ್ಟು. ಕಾಫಿತೋಟದ ಲೈನುಮನೆಯಲ್ಲಿ ವಾಸಿಸುವ ಕೂಲಿಕಾರ ಕುಟುಂಬದ ಪಾಲು ಆ 2 ಟನ್ನನ್ನು ಮುಟ್ಟುವುದೂ ಸಂಶಯ. ಭದ್ರಾ ಜಲಾಶಯಕ್ಕಾಗಿ ನರಸಿಂಹರಾಜಪುರದ ಸುತ್ತಲಿನ ಗದ್ದೆ, ಕಾಡುಗಳು ಮುಳುಗಿ ಬಯಲುಸೀಮೆಗೆ ನೀರು ಹರಿದಿದೆ. ಇನ್ನೂ ಎಷ್ಟು ಕೊಡಬೇಕು ಎಂದು ಮಲೆನಾಡಿನವನು ಕೇಳಿದರೆ ಅವನನ್ನು ಸ್ವಾರ್ಥಿಯೆನ್ನಲಾಗದು. ತಪ್ಪಿಗೂ ದಂಡಕ್ಕೂ ಹೊಂದಾಣಿಕೆ ಇರಬೇಕೆಂಬುದು ನ್ಯಾಯದ ಮೊದಲ ನಿಯಮ. ಆದುದರಿಂದ ಪಂಚಾಯಿತಿಯು ಈ ಕೆಲಸವನ್ನು ಪ್ರಾಯಶ್ಚಿತ್ತವೆಂದು ಕೈಗೊಳ್ಳಬೇಕೆಂದು ನಾವು ಹೇಳುವುದಿಲ್ಲ. ಇಲ್ಲಿ ಇಂಗಾಲ ಸೋರುವ ಕಡೆಯಲ್ಲೆಲ್ಲ ಊರಿನ ಹಣವೂ ಸೋರುತ್ತಿದೆ, ಕಾಡೂ ಸೋರುತ್ತಿದೆ, ಹೆಂಗಸರ ಆರೋಗ್ಯವೂ ಸೋರುತ್ತಿದೆ. ನಮ್ಮ ವಾದಕ್ಕೆ ಅಷ್ಟು ಆಧಾರ ಸಾಕು.

ಇದನ್ನು ಮಾಡಿ ನೋಡಿದ ಒಂದು ಪಂಚಾಯಿತಿ ನಮಗೆ ದೂರದ್ದಲ್ಲ. ವಯನಾಡು ಜಿಲ್ಲೆಯ ಮೀನಂಗಾಡಿಯ ಹೆಸರನ್ನು ನಮ್ಮ ಓದುಗರಲ್ಲಿ ಅನೇಕರು ಬಲ್ಲರು; ನರಸಿಂಹರಾಜಪುರ, ಕೊಪ್ಪದ ಕಡೆಗೆ ಕೇರಳದಿಂದ ಬಂದು ನೆಲೆಸಿದ ಎಷ್ಟೋ ಮನೆಗಳಿಗೆ ಆ ಜಿಲ್ಲೆಯಲ್ಲಿ ಬಂಧುಗಳಿದ್ದಾರೆ. 2016ರ ಜೂನ್ 5ರಂದು ಆ ಗ್ರಾಮ ಪಂಚಾಯಿತಿಯು ತಾನು ಹೊರಹಾಕುವಷ್ಟು ಇಂಗಾಲವನ್ನು ತನ್ನ ಎಲ್ಲೆಯೊಳಗೇ ಹೀರಿಕೊಳ್ಳುವ ಗುರಿಯನ್ನು ಸಾರಿತು. ಸಾರಿದ ಮೇಲೆ ಅವರು ಮಾಡಿದ ಮೊದಲ ಕೆಲಸ ಲೆಕ್ಕ. ಮನೆ, ವಾಹನ, ಕೃಷಿ, ಕಸ ಎಲ್ಲವನ್ನೂ ಎಣಿಸಿದಾಗ ವರ್ಷಕ್ಕೆ ಸುಮಾರು 33 ಸಾವಿರ ಟನ್ ಹೊರಹೋಗುತ್ತಿದೆಯೆಂದೂ, ಮರ ಮತ್ತು ಮಣ್ಣು ಸುಮಾರು 22 ಸಾವಿರ ಟನ್ ಹೀರಿಕೊಳ್ಳುತ್ತಿವೆಯೆಂದೂ ತಿಳಿಯಿತು. ತುಂಬಬೇಕಾದ ಅಂತರ ಸುಮಾರು 11 ಸಾವಿರ ಟನ್. ಗುರಿಗೆ ಒಂದು ಸಂಖ್ಯೆ ಬಂದಿತು. ಭಾಷಣಕ್ಕೂ ಯೋಜನೆಗೂ ಇರುವ ವ್ಯತ್ಯಾಸ ಇಷ್ಟೇ.

ಆ ಅಂತರವನ್ನು ತುಂಬಲು ಅವರು ಹೂಡಿದ ಉಪಾಯಗಳಲ್ಲಿ ‘ಮರದ ಬ್ಯಾಂಕ್’ ನಮ್ಮ ಗಮನಕ್ಕೆ ಅರ್ಹವಾದುದು. ರೈತನು ತನ್ನ ಜಮೀನಿನಲ್ಲಿ ಬೆಳೆಸಿದ ಪ್ರತಿ ಮರದ ಮೇಲೆ ವರ್ಷಕ್ಕೆ 50 ರೂಪಾಯಿಯಂತೆ 10 ವರ್ಷಗಳವರೆಗೆ ಬಡ್ಡಿಯಿಲ್ಲದ ಸಾಲವನ್ನು ಸ್ಥಳೀಯ ಸಹಕಾರಿ ಬ್ಯಾಂಕಿನಿಂದ ಪಡೆಯಬಹುದು. ಮರ ಕಡಿದರೆ ಸಾಲ ತೀರಿಸಬೇಕು, ಉಳಿಸಿಕೊಂಡರೆ ತೀರಿಸಬೇಕಾಗಿಲ್ಲ. ಇದಕ್ಕಾಗಿ ಕೇರಳ ಸರ್ಕಾರ 10 ಕೋಟಿ ರೂಪಾಯಿಯ ನಿಧಿ ಒದಗಿಸಿತು. ಮೊತ್ತ ಅಲ್ಪವೆಂದು ನಗುವವರು ನಗಬಹುದು. ಆದರೆ ಈ ಏರ್ಪಾಡಿನಲ್ಲಿ ಮರವು ರೈತನ ಆಸ್ತಿಯಾಗಿಯೇ ಉಳಿಯುತ್ತದೆ, ಕಡಿಯುವ ಹಕ್ಕೂ ಅವನಲ್ಲಿಯೇ ಇರುತ್ತದೆ. ಕಡಿಯದಿರುವುದಕ್ಕೆ ಮಾತ್ರ ಊರು ಅವನಿಗೆ ಋಣಿಯಾಗುತ್ತದೆ. 2024ರ ಜುಲೈ 30ರಂದು ಅದೇ ಜಿಲ್ಲೆಯ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಗುಡ್ಡ ಜರಿದು ನೂರಾರು ಜನ ಪ್ರಾಣ ಕಳೆದುಕೊಂಡರು. ಮೀನಂಗಾಡಿಯ ಮರಗಳು ಆ ಗುಡ್ಡವನ್ನು ತಡೆಯಲಾರವಾಗಿದ್ದವು, ಹಾಗೆಂದು ಯಾರೂ ಹೇಳುವುದೂ ಇಲ್ಲ. ಒಂದು ಪಂಚಾಯಿತಿಯ ಪುಣ್ಯದಿಂದ ಆಕಾಶ ತಿಳಿಯಾಗದು.

ಇನ್ನು ನಮ್ಮ ಮೂರು ತಾಲೂಕುಗಳ ಒಂದು ಸಾಮಾನ್ಯ ಪಂಚಾಯಿತಿಯ ಲೆಕ್ಕಪುಸ್ತಕವನ್ನು ತೆರೆಯೋಣ. ಪಂಚಾಯಿತಿಯ ನೇರ ಹಿಡಿತದಲ್ಲಿರುವ ಇಂಗಾಲ ಯಾವುದು? ಮೊದಲನೆಯದಾಗಿ ಕುಡಿಯುವ ನೀರಿನ ಪಂಪು. 5 ಅಶ್ವಶಕ್ತಿಯ ಒಂದು ಪಂಪು ದಿನಕ್ಕೆ 6 ಗಂಟೆ ಓಡಿದರೆ ವರ್ಷಕ್ಕೆ 8 ಸಾವಿರ ಯೂನಿಟ್‌ಗಿಂತ ಹೆಚ್ಚು ವಿದ್ಯುತ್ ಖರ್ಚಾಗುತ್ತದೆ. ದೇಶದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್‌ಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೆ, ಒಂದೇ ಪಂಪಿನ ಪಾಲು ವರ್ಷಕ್ಕೆ 5 ಟನ್ ದಾಟುತ್ತದೆ. ಆ ನೀರಿನಲ್ಲಿ ಕಾಲು ಭಾಗ ಒಡೆದ ಪೈಪಿನಿಂದ ಚರಂಡಿಗೆ ಹರಿದರೆ ಕಾಲು ಭಾಗದ ವಿದ್ಯುತ್ತೂ ಚರಂಡಿಗೆ ಹರಿದಂತೆಯೇ. ಎರಡನೆಯದಾಗಿ ಬೀದಿದೀಪ. ಹಳೆಯ ಸೋಡಿಯಂ ದೀಪಗಳ ಜಾಗಕ್ಕೆ ಎಲ್‌ಇಡಿ ಬಂದ ಕಡೆಗಳಲ್ಲಿ ಉಳಿದಿರುವುದು ಕೇವಲ ಸ್ವಿಚ್ಚಿನ ಪ್ರಶ್ನೆ. 40 ವಾಟಿನ 100 ದೀಪಗಳು ಹಗಲೂ ಉರಿಯುತ್ತಿದ್ದರೆ ದಿನಕ್ಕೆ 50 ಯೂನಿಟ್‌ಗೂ ಹೆಚ್ಚು, ವರ್ಷಕ್ಕೆ ಸುಮಾರು 19 ಸಾವಿರ ಯೂನಿಟ್ ವ್ಯರ್ಥ. ಮಧ್ಯಾಹ್ನದ ಬಿಸಿಲಿನಲ್ಲಿ ಉರಿಯುವ ಬೀದಿದೀಪಕ್ಕಿಂತ ಹಾಸ್ಯಾಸ್ಪದವಾದ ವಸ್ತು ಯಾವುದಾದರೂ ಉಂಟೇ? ಅದನ್ನು ಆರಿಸಲು ಯಾವ ಅಂತರರಾಷ್ಟ್ರೀಯ ಒಪ್ಪಂದದ ಅಗತ್ಯವೂ ಇಲ್ಲ.

ನೀರಿನ ವಿಷಯದಲ್ಲಿ ನಮ್ಮ ಹಿರಿಯರು ಒಂದು ಜಾಣತನವನ್ನು ತೋರಿದ್ದರು. ಮೇಲಿನ ಹಳ್ಳದ ಅಬ್ಬಿ ನೀರನ್ನು ಅಡಿಕೆ ದಬ್ಬೆಯಲ್ಲಿ ಹರಿಸಿ ಮನೆಯ ಬಚ್ಚಲಿಗೆ ತಂದ ಮಲೆನಾಡಿಗರು ಪಂಪನ್ನು ಕಂಡವರಲ್ಲ. ಇಳಿಜಾರಿನ ನೆಲದಲ್ಲಿ ನೀರು ತಾನಾಗಿ ಇಳಿಯುತ್ತದೆಯೆಂಬ ಸಾಮಾನ್ಯ ಸತ್ಯವನ್ನು ಮರೆತು ನಾವು ಕೆಳಗೆ ಕೊಳವೆಬಾವಿ ಕೊರೆದು ಮೇಲಕ್ಕೆ ಪಂಪು ಮಾಡುತ್ತಿದ್ದೇವೆ. ಮೂಲದ ಕಾಡನ್ನು ಕಾಯ್ದುಕೊಂಡು, ಗುರುತ್ವದಿಂದಲೇ ತೊಟ್ಟಿ ತುಂಬುವ ನೀರಿನ ಯೋಜನೆ ಸಾಧ್ಯವಿರುವ ಊರುಗಳು ನಮ್ಮಲ್ಲಿ ಅನೇಕವಿವೆ. ಅದೇ ನೀರಿನಿಂದ ದೀಪವನ್ನೂ ಉರಿಸಬಹುದು. ಸೆಕೆಂಡಿಗೆ 7 ಲೀಟರ್ ನೀರು 30 ಮೀಟರ್ ಎತ್ತರದಿಂದ ಪೈಪಿನಲ್ಲಿ ಇಳಿದರೆ, ಯಂತ್ರದಲ್ಲಿ ಅರ್ಧ ಶಕ್ತಿ ನಷ್ಟವಾದರೂ ಒಂದು ಕಿಲೋವಾಟ್ ವಿದ್ಯುತ್ ಸಿಗುತ್ತದೆ. ಹಗಲು ರಾತ್ರಿ ಹರಿದರೆ ದಿನಕ್ಕೆ 24 ಯೂನಿಟ್. ತಂತಿ ಮುಟ್ಟದ ಎಷ್ಟೋ ಒಂಟಿಮನೆಗಳಲ್ಲಿ ಇಂಥ ಕಿರುಯಂತ್ರಗಳು ಬೆಳಕು ಕೊಟ್ಟಿವೆ. ಜಮ್ಮುವಿನ ಸಾಂಬಾ ಜಿಲ್ಲೆಯ ಪಲ್ಲಿ ಎಂಬ ಪಂಚಾಯಿತಿಯು 2022ರ ಏಪ್ರಿಲ್ 24ರಂದು 500 ಕಿಲೋವಾಟ್‌ನ ಸೌರ ಸ್ಥಾವರವನ್ನು ಪಡೆದು ದೇಶದಲ್ಲೆಲ್ಲ ಹೆಸರಾಯಿತು. ಅದನ್ನು ಕಂಡು ನಾವೂ ಫಲಕ ಹಾಸಲು ಹೊರಟರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ನೋಡುತ್ತಾ ಕುಳಿತಿರಬೇಕಾದೀತು. ಸೂರ್ಯ ಮರೆಯಾದಾಗ ನಮ್ಮ ಹಳ್ಳ ತುಂಬುತ್ತದೆ, ಹಳ್ಳ ಸೊರಗಿದಾಗ ಸೂರ್ಯ ಬರುತ್ತಾನೆ. ಎರಡನ್ನೂ ಕೂಡಿಸುವ ಯೋಜನೆ ನಮ್ಮದಾಗಬೇಕೇ ಹೊರತು ಜಮ್ಮುವಿನ ಯೋಜನೆಯ ನಕಲಲ್ಲ.

ಪಂಚಾಯಿತಿಯ ಬಿಲ್ಲಿನಲ್ಲಿ ಬಾರದ, ಆದರೆ ಊರಿನಲ್ಲಿ ಅತಿ ದೊಡ್ಡದಾದ ಬೆಂಕಿ ಯಾವುದೆಂದರೆ ಅಡಿಕೆ ಒಲೆ. ಕೊಯ್ಲಿನ ತಿಂಗಳುಗಳಲ್ಲಿ ಹಂಡೆಗಳ ಕೆಳಗೆ ಉರಿಯುವ ಸೌದೆಗೆ ಲೆಕ್ಕವಿಟ್ಟವರಿಲ್ಲ. ಒಂದು ಕಿಲೋ ಒಣ ಸೌದೆ ಉರಿದರೆ ಸುಮಾರು 1.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಕಡಿದ ಜಾಗದಲ್ಲಿ ಮತ್ತೆ ಮರ ಬೆಳೆದರೆ ಅದು ಮರಳಿ ಹೀರಿಕೊಳ್ಳುತ್ತದೆ, ಲೆಕ್ಕ ಸರಿಹೋಗುತ್ತದೆ; ಸೊಪ್ಪಿನಬೆಟ್ಟ ಬೋಳಾಗಿ ಹಾಗೆಯೇ ಉಳಿದರೆ ಸರಿಹೋಗುವುದಿಲ್ಲ. ಅಕಾಲ ಮಳೆಯಿಂದಾಗಿ ಬಿಸಿಲಿನಲ್ಲಿ ಒಣಗಬೇಕಾದ ಅಡಿಕೆಯನ್ನು ಕೂಡ ಈಗ ಬೆಂಕಿಯ ಶಾಖದಲ್ಲಿ ಒಣಗಿಸುವ ಅನಿವಾರ್ಯತೆ ಬಂದಿದೆ. ಹವಾಮಾನ ಕೆಟ್ಟುದರಿಂದ ಸೌದೆ ಹೆಚ್ಚು, ಸೌದೆ ಹೆಚ್ಚಿದುದರಿಂದ ಹವಾಮಾನಕ್ಕೆ ಇನ್ನಷ್ಟು ಕೆಡುಕು. ಒಲೆಯ ಮುಂದೆ ಕುಳಿತು ಹೊಗೆ ನುಂಗುವವರು ಹೆಚ್ಚಾಗಿ ಹೆಂಗಸರು, ಕೂಲಿಯಾಳುಗಳು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಕಡಿಮೆ ಸೌದೆಯಲ್ಲಿ ಹೆಚ್ಚು ಶಾಖ ಕೊಡುವ ಒಲೆಯನ್ನು ರೂಪಿಸಿ ನಾಲ್ಕು ದಶಕಗಳೇ ಕಳೆದಿವೆ. ಹೊಗೆಕೊಳವೆ, ಗಾಳಿಯ ದಾರಿ, ಹಂಡೆಗೆ ಸರಿಹೊಂದುವ ಬಾಯಿ ಇವಿಷ್ಟನ್ನು ಸರಿಪಡಿಸಿದರೆ ಸೌದೆ ಗಣನೀಯವಾಗಿ ಉಳಿಯುತ್ತದೆ. ಹತ್ತಿಪ್ಪತ್ತು ಮನೆಗಳಿಗೆ ಒಂದರಂತೆ ಸುಧಾರಿತ ಒಲೆ ಮತ್ತು ಒಣಮನೆಯನ್ನು ಸಹಕಾರಿ ಪದ್ಧತಿಯಲ್ಲಿ ಕಟ್ಟುವುದು ಸಾಧ್ಯ. ಅಡಿಕೆ ಮಾರಾಟದಲ್ಲಿ ಮಾಮ್ಕೋಸ್‌ನಂಥ ಸಹಕಾರಿಯನ್ನು ನಡೆಸಿದ ಜನಕ್ಕೆ ಇದು ಮೀರಿದ ಕೆಲಸವೇನಲ್ಲ. ಚೇಣಿದಾರರು ಇದಕ್ಕೆ ಒಪ್ಪುವರೇ ಎಂಬುದು ಬೇರೆ ಮಾತು. ಸೌದೆಯ ಖರ್ಚು ಯಾರ ತಲೆಯ ಮೇಲಿದೆಯೋ ಅವರು ಮೊದಲು ಒಪ್ಪುತ್ತಾರೆ.

‘ಅಸ್ತ್ರ’ದ ಹೆಸರು ಬಂದುದರಿಂದ ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯ ವೃತ್ತಾಂತವನ್ನು ಹೇಳದೆ ಮುಂದುವರಿಯಲಾರೆವು. ಪ್ರೊಫೆಸರ್ ಎ.ಕೆ.ಎನ್. ರೆಡ್ಡಿ ಮತ್ತು ಸಂಗಡಿಗರು ಅಲ್ಲಿ ಊರಿಗೆಲ್ಲ ಒಂದೇ ಗೋಬರ್ ಅನಿಲ ಸ್ಥಾವರವನ್ನು ಕಟ್ಟಿದರು. ಮೊದಲು ಅದು ಅಡುಗೆಗೆ ಅನಿಲ ಕೊಡಬೇಕೆಂದಿತ್ತು. ಸಗಣಿ ಸಾಲಲಿಲ್ಲ, ಸೌದೆ ಪುಕ್ಕಟೆ ಸಿಗುತ್ತಿದ್ದುದರಿಂದ ಜನರಿಗೆ ಆಸಕ್ತಿಯೂ ಹುಟ್ಟಲಿಲ್ಲ. ಊರಿನವರಿಗೆ ಬೇಕಾಗಿದ್ದುದು ಕುಡಿಯುವ ನೀರು. 1987ರಲ್ಲಿ ಅದೇ ಅನಿಲದಿಂದ ಎಂಜಿನ್ ಓಡಿಸಿ ವಿದ್ಯುತ್ ತಯಾರಿಸಿ, ನೀರೆತ್ತಿ ನಲ್ಲಿಗೆ ಬಿಟ್ಟರು, ಮನೆಗಳಿಗೆ ದೀಪ ಕೊಟ್ಟರು. ಊರಿನ ಸಮಿತಿಯೇ ಅದನ್ನು ನಡೆಸಿತು; ಸಗಣಿ ತಂದವರಿಗೆ ಹಣ, ದೀಪ ಉರಿಸಿದವರಿಂದ ಶುಲ್ಕ. ಸುಮಾರು ಒಂದು ದಶಕ ಕಾಲ ನಡೆದ ಆ ವ್ಯವಸ್ಥೆಯ ಹಿಂದಿನ ತಿಳಿವಳಿಕೆ ನಮ್ಮ ಪಂಚಾಯಿತಿಗಳಿಗೂ ಅನ್ವಯಿಸುತ್ತದೆ. ಜನ ಕೇಳದ ಉಪಕಾರವನ್ನು ಮೇಲಿನಿಂದ ಹೇರಿದರೆ ಅದು ತುಕ್ಕು ಹಿಡಿಯುತ್ತದೆ. ಜನ ಕೇಳುತ್ತಿರುವುದು ಕಾಲುಸಂಕ, ನೀರು, ದೀಪ, ಬಸ್ಸು ಎಂದಾದರೆ ಇಂಗಾಲದ ಯೋಜನೆಯು ಆ ನೀರು, ದೀಪ, ಬಸ್ಸುಗಳ ಒಳಗಿನಿಂದಲೇ ಹುಟ್ಟಬೇಕು.

ಬಸ್ಸಿನ ಮಾತು ಕೊಪ್ಪದವರ ಮನಸ್ಸನ್ನು ಇನ್ನೂ ನೋಯಿಸುತ್ತದೆ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕಿರು ರೈಲು ಓಡುತ್ತಿದ್ದ ಕಾಲವೊಂದಿತ್ತು. ಅದು ನಿಂತ ಮೇಲೆ ನಮ್ಮ ಮೂರು ತಾಲೂಕುಗಳಿಗೆ ಬಸ್ಸೇ ಗತಿ. ಹಳೆಯ ಖಾಸಗಿ ಕಂಪನಿಯೊಂದು ಮುಚ್ಚಿದಾಗ ಅದರ ಕಾರ್ಮಿಕರೇ ಒಂದುಗೂಡಿ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆಯು ಕೊಪ್ಪವನ್ನು ಕೇಂದ್ರವಾಗಿಟ್ಟುಕೊಂಡು ಮಲೆನಾಡಿನ ಮೂಲೆಮೂಲೆಗೆ ಓಡಿತು. ಬೆರಳೆಣಿಕೆಯ ಬಸ್ಸುಗಳಿಂದ ಆರಂಭಿಸಿ ಎಪ್ಪತ್ತಕ್ಕೂ ಹೆಚ್ಚು ಬಸ್ಸುಗಳವರೆಗೆ ಬೆಳೆದ ಆ ಸಂಸ್ಥೆ ನಷ್ಟದ ಹೊರೆ ತಾಳಲಾರದೆ 2020ರ ಫೆಬ್ರವರಿಯಲ್ಲಿ ನಿಂತಿತು. ದುಡಿದವರು ಕೆಲಸ ಕಳೆದುಕೊಂಡ ದುಃಖ ಒಂದು ಕಡೆ. ಒಳಹಳ್ಳಿಯ ವಿದ್ಯಾರ್ಥಿಗಳು, ವೃದ್ಧರು ದಾರಿ ಕಾಣದೆ ನಿಂತುದು ಇನ್ನೊಂದು ಕಡೆ. ಇಂಗಾಲದ ದೃಷ್ಟಿಯಿಂದಲೂ ಅದೊಂದು ನಷ್ಟವೇ. ನಲವತ್ತು ಜನರನ್ನು ಹೊತ್ತ ಬಸ್ಸಿನಲ್ಲಿ ಒಬ್ಬನು ಒಂದು ಕಿಲೋಮೀಟರ್ ಹೋಗಲು ಹೊರಬರುವ ಇಂಗಾಲದ ಡೈಆಕ್ಸೈಡ್ 20 ಗ್ರಾಂಗೂ ಕಡಿಮೆ. ಬೈಕಿನಲ್ಲಿ ಒಬ್ಬನೇ ಹೋದರೆ ಸುಮಾರು 50 ಗ್ರಾಂ. ಕಾರಿನಲ್ಲಿ ಒಬ್ಬನೇ ಹೋದರೆ 150 ಗ್ರಾಂ. ಬಸ್ಸು ನಿಂತ ಊರಿನಲ್ಲಿ ಸಾಲ ಮಾಡಿಯಾದರೂ ಬೈಕು ಕೊಳ್ಳುತ್ತಾರೆ, ಕೊಳ್ಳಲಾರದವರು ಮನೆಯಲ್ಲಿ ಉಳಿಯುತ್ತಾರೆ. 2023ರ ಜೂನ್‌ನಲ್ಲಿ ಆರಂಭವಾದ ‘ಶಕ್ತಿ’ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸುಗಳಿಗೆ ಮಾತ್ರ; ಖಾಸಗಿ ಬಸ್ಸುಗಳನ್ನೇ ನಂಬಿದ ನಮ್ಮ ಕಡೆಯ ಹೆಂಗಸರಿಗೆ ಅದರ ಫಲ ಪೂರ್ತಿಯಾಗಿ ದಕ್ಕಿಲ್ಲ. ಬಸ್ಸು ಓಡಿಸುವ ಅಧಿಕಾರ ಪಂಚಾಯಿತಿಗಿಲ್ಲ ನಿಜ. ಆದರೆ ಹತ್ತು ಪಂಚಾಯಿತಿಗಳು ತಮ್ಮಲ್ಲಿನ ವಿದ್ಯಾರ್ಥಿಗಳು, ಸಂತೆಗೆ ಹೋಗುವವರು, ಆಸ್ಪತ್ರೆಗೆ ಹೋಗುವವರ ಸಂಖ್ಯೆಯನ್ನು ಹೊತ್ತುಸಹಿತ ಪಟ್ಟಿಮಾಡಿ, ಒಂದೇ ಠರಾವಿನ ಮೂಲಕ ಸಾರಿಗೆ ಅಧಿಕಾರಿಗಳ ಮುಂದಿಟ್ಟರೆ ಆ ಬೇಡಿಕೆಯ ತೂಕವೇ ಬೇರೆ.

ಕಸದ ವಿಷಯವನ್ನು ಚುಟುಕಾಗಿ ಹೇಳಿ ಮುಗಿಸುತ್ತೇವೆ. ಹಸಿ ಕಸವನ್ನು ಪ್ಲಾಸ್ಟಿಕ್‌ನೊಡನೆ ಕಲಸಿ ಗುಡ್ಡೆ ಹಾಕಿದರೆ ಒಳಗೆ ಕೊಳೆತು ಮೀಥೇನ್ ಹುಟ್ಟುತ್ತದೆ. ನೂರು ವರ್ಷಗಳ ಅವಧಿಯಲ್ಲಿ ಅದರ ತಾಪಶಕ್ತಿ ಇಂಗಾಲದ ಡೈಆಕ್ಸೈಡ್‌ನ ಸುಮಾರು 28 ಪಟ್ಟು. ಮೂರು ಪಟ್ಟಣ ಪಂಚಾಯಿತಿಗಳ ಪೈಕಿ ಯಾತ್ರಾರ್ಥಿಗಳ ಊರಾದ ಶೃಂಗೇರಿಯಲ್ಲಿ ಈ ಹೊರೆ ನಿವಾಸಿಗಳ ಸಂಖ್ಯೆಯ ಲೆಕ್ಕಕ್ಕೆ ಸಿಗುವಂಥದಲ್ಲ. ಬೇರೆಯವರನ್ನು ದೂರುವ ಮೊದಲು ನಮ್ಮ ಧರ್ಮಕೇಂದ್ರಗಳ ವಾರ್ಷಿಕ ಹಬ್ಬದ ಊಟವನ್ನೂ ನೋಡೋಣ. ಅಡಿಕೆ ಹಾಳೆಯ ತಟ್ಟೆ ತಯಾರಾಗುವ ನಾಡಿನಲ್ಲಿಯೇ ಪ್ಲಾಸ್ಟಿಕ್ ಲೇಪಿಸಿದ ತಟ್ಟೆಗಳನ್ನು ಮಂಗಳೂರಿನಿಂದ ತರಿಸುವುದಕ್ಕೆ ಸಮಾಧಾನವೇನಿದೆ?

ಇಷ್ಟೆಲ್ಲ ಸಾಧ್ಯವಿದ್ದರೂ ಪರಿಸರ ಎಂಬ ಶಬ್ದ ಕೇಳಿದೊಡನೆ ನಮ್ಮ ಮನೆಗಳಲ್ಲಿ ಒಂದು ಭಯ ಮೂಡುವುದೇಕೆ? ಕಾರಣವನ್ನು ಮುಚ್ಚಿಡಬೇಕಾಗಿಲ್ಲ. 2011ರ ಗಾಡ್ಗೀಳ್ ವರದಿ, 2013ರ ಕಸ್ತೂರಿರಂಗನ್ ವರದಿ, ಅವುಗಳ ಬೆನ್ನಿಗೆ ಒಂದರ ಮೇಲೊಂದು ಕರಡು ಅಧಿಸೂಚನೆಗಳು. 2024ರ ಜುಲೈ 31ರಂದು ಹೊರಬಂದದ್ದು ಆರನೆಯದು. ಕರ್ನಾಟಕದಲ್ಲಿ 20,668 ಚದರ ಕಿಲೋಮೀಟರ್ ಪ್ರದೇಶವನ್ನು ಸೂಕ್ಷ್ಮ ಪ್ರದೇಶವೆಂದು ಗುರುತಿಸಿದ ಆ ಪಟ್ಟಿಯಲ್ಲಿ ನಮ್ಮ ಮೂರು ತಾಲೂಕುಗಳ ಅನೇಕ ಗ್ರಾಮಗಳಿವೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಅಕ್ರಮ ಸಕ್ರಮದ ಅರ್ಜಿ ಇನ್ನೂ ತೀರ್ಮಾನವಾಗದ, ಹಕ್ಕುಪತ್ರ ಕೈಗೆ ಬಾರದ ಕುಟುಂಬಕ್ಕೆ ಮರ ನೆಡಿ ಎಂದರೆ, ನಾಳೆ ಅದನ್ನೇ ತೋರಿಸಿ ಇದು ಕಾಡು ಎಂದು ಬರೆದಾರೆಂಬ ಅಂಜಿಕೆ ಸಹಜ. ಮೂರು ತಲೆಮಾರಿನ ದಾಖಲೆ ಕೇಳುವ 2006ರ ಅರಣ್ಯ ಹಕ್ಕು ಕಾಯ್ದೆಯು ಕಳೆದ ಶತಮಾನದ ಮಧ್ಯಭಾಗದಲ್ಲಿ ಬಂದು ನೆಲೆಸಿದವರಿಗೆ ನೆರವಾಗುವುದು ಕಡಿಮೆ. ಹೀಗೆ ಅಂಜಿದವರು ಕಾಡುಮರದ ಬದಲಿಗೆ ಕಡಿಯಲು ತೊಡಕಿಲ್ಲದ ಸಿಲ್ವರ್ ಓಕನ್ನು ನೆಡುತ್ತಾರೆ. ಅವರನ್ನು ಪರಿಸರದ್ರೋಹಿಗಳೆಂದು ಕರೆಯುವುದು ಸುಲಭ, ಆದರೆ ನ್ಯಾಯವಲ್ಲ. ಭೂಮಿಯ ಹಕ್ಕು ಇತ್ಯರ್ಥವಾಗದೆ ಮಲೆನಾಡಿನಲ್ಲಿ ಮರದ ಯೋಜನೆ ಬೇರು ಬಿಡದೆಂಬುದು ನಮ್ಮ ಖಚಿತ ಅಭಿಪ್ರಾಯ.

ವಿಚಿತ್ರವೆಂದರೆ, ಜನರು ಅತಿಯಾಗಿ ಅಂಜಿದ ಗಾಡ್ಗೀಳ್ ವರದಿಯು ಯಾವ ಊರಿನಲ್ಲಿ ಏನು ಮಾಡಬೇಕೆಂಬುದನ್ನು ಗ್ರಾಮಸಭೆಗಳ ಮುಂದಿಟ್ಟು ತೀರ್ಮಾನಿಸಬೇಕೆಂದು ಹೇಳಿತ್ತು. ಆ ಭಾಗವನ್ನು ಓದಿದವರಿಗಿಂತ ಓದದೆ ಮೆರವಣಿಗೆ ಹೊರಟವರು ಹೆಚ್ಚು. ಸಣ್ಣ ಸಮುದಾಯ ಮಾಡಬಲ್ಲ ಕೆಲಸವನ್ನು ದೊಡ್ಡ ಅಧಿಕಾರವು ಕಸಿದುಕೊಳ್ಳಬಾರದೆಂಬ ತತ್ವವನ್ನು ಹನ್ನೊಂದನೆಯ ಪಿಯುಸ್ ಅವರು 1931ರಲ್ಲಿಯೇ ತಮ್ಮ ವಿಶ್ವಪತ್ರದಲ್ಲಿ ಪ್ರತಿಪಾದಿಸಿದ್ದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಪರಿಸರ ಕುರಿತ ವಿಶ್ವಪತ್ರದಲ್ಲಿ ಸ್ಥಳೀಯ ಸಹಕಾರಿಗಳು ಇಂಧನ ಸ್ವಾವಲಂಬನೆ ಸಾಧಿಸಿದ ಉದಾಹರಣೆಗಳನ್ನು ಮೆಚ್ಚಿಕೊಂಡರು; ಇಂಗಾಲದ ಕ್ರೆಡಿಟ್‌ಗಳ ಕ್ರಯವಿಕ್ರಯವು ಹೊಸ ಬಗೆಯ ಸಟ್ಟಾ ವ್ಯಾಪಾರವಾದೀತೆಂದು ಎಚ್ಚರಿಸಿದರು. ಆ ಎಚ್ಚರಿಕೆ ತೋಟದ ಮಾಲೀಕರ ಕಿವಿಗೆ ಬೀಳಬೇಕು. ನಿಮ್ಮ ಮರಗಳ ಇಂಗಾಲವನ್ನು ಮಾರಿಕೊಡುತ್ತೇವೆಂದು ಬರುವವರ ಕರಾರುಪತ್ರ ಹತ್ತಾರು ವರ್ಷಗಳಿಗೆ ಕೈ ಕಟ್ಟಿಹಾಕುವಂಥದಾಗಿರಬಹುದು. ಕನ್ನಡದಲ್ಲಿ ಓದಿಸಿ, ಅರ್ಥ ಮಾಡಿಕೊಂಡು, ವಕೀಲರಿಗೆ ತೋರಿಸದೆ ಸಹಿ ಹಾಕಬಾರದು.

ಹಣ ಎಲ್ಲಿಂದ ಎಂಬ ಪ್ರಶ್ನೆ ಉಳಿಯುತ್ತದೆ. 15ನೇ ಹಣಕಾಸು ಆಯೋಗವು 2021ರಿಂದ 2026ರವರೆಗಿನ ಅವಧಿಗೆ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇಕಡ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಿಟ್ಟಿತ್ತು. ಸೋರುವ ಪೈಪು, ಹಳೆಯ ಪಂಪು, ಹಸಿ ಕಸದ ಗೊಬ್ಬರ ಗುಂಡಿ ಎಲ್ಲವೂ ಅದರೊಳಗೇ ಬರುವಂಥವು. ಮುಂದಿನ ಆಯೋಗದ ನಿಬಂಧನೆಗಳು ಏನೇ ಇರಲಿ, ನೀರು ಮತ್ತು ಕಸ ಪಂಚಾಯಿತಿಯ ಹೆಗಲ ಮೇಲೆಯೇ ಇರುತ್ತವೆ. ಉಳಿಸಿದ ವಿದ್ಯುತ್ ಬಿಲ್ಲಿನ ಹಣವೂ ಅನುದಾನಕ್ಕೆ ಸಮವೇ.

ಸಂತ ತೋಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣದಲ್ಲಿ ಮೂರು ಕ್ರಿಯೆಗಳನ್ನು ಗುರುತಿಸುತ್ತಾರೆ: ಸಮಾಲೋಚನೆ, ನಿರ್ಣಯ, ಕಾರ್ಯಾದೇಶ. ಮೂರರಲ್ಲಿ ಕೊನೆಯದೇ ಮುಖ್ಯವೆಂದು ಅವರ ಅಭಿಮತ. ನಮ್ಮ ಪಂಚಾಯಿತಿಗಳಲ್ಲಿ ಸಮಾಲೋಚನೆಗೆ ಕೊರತೆಯಿಲ್ಲ, ಠರಾವುಗಳಿಗೂ ಕೊರತೆಯಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲಿ ಸಮಿತಿ ರಚಿಸಿ ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕೆಂಬ ನಿಯಮವಿದೆ. ನಿಮ್ಮ ಊರಿನ ಆ ಪುಸ್ತಕವನ್ನು ಕಂಡವರು ಯಾರಾದರೂ ಇದ್ದಾರೆಯೇ ವಿಚಾರಿಸಿ ನೋಡಿ. ಹವಾಮಾನದ ಯೋಜನೆಯೂ ಅದೇ ಕಪಾಟಿಗೆ ಸೇರಬಾರದೆಂದಿದ್ದರೆ ಅದು ಒಂದೇ ಪುಟದ್ದಾಗಿರಲಿ: ಎಷ್ಟು ಪಂಪು, ಎಷ್ಟು ದೀಪ, ಎಷ್ಟು ಅಡಿಕೆ ಒಲೆ, ಈ ವರ್ಷ ಅದರಲ್ಲಿ ಎಷ್ಟನ್ನು, ಯಾರು, ಯಾವ ತಿಂಗಳೊಳಗೆ ಸರಿಪಡಿಸುತ್ತಾರೆ.

ಆ ಪುಟವನ್ನು ತುಂಬಲು ಮೊದಲು ಬೇಕಾಗುವುದು ಪಂಚಾಯಿತಿಯ ಕಳೆದ ಹನ್ನೆರಡು ತಿಂಗಳ ವಿದ್ಯುತ್ ಬಿಲ್ಲುಗಳು. ಪಾಲನಾ ಸಮಿತಿಯ ಸದಸ್ಯರಾಗಲಿ, ಕಾಲೇಜಿಗೆ ಹೋಗುವ ನಮ್ಮ ಯುವಕ ಯುವತಿಯರಾಗಲಿ ಅಭಿವೃದ್ಧಿ ಅಧಿಕಾರಿಯವರನ್ನು ಕೇಳಿದರೆ ತೋರಿಸಿಯಾರು. ತೋರಿಸದಿದ್ದರೆ ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ. ಉತ್ತರ 30 ದಿನಗಳಲ್ಲಿ ಬರಬೇಕು. ಗ್ರಾಮಸಭೆಯ ದಿನಾಂಕವನ್ನು ನೋಡಿಕೊಂಡು, ಅದಕ್ಕಿಂತ ಒಂದು ತಿಂಗಳು ಮೊದಲೇ ಅರ್ಜಿ ಕೊಡುವುದು ಒಳ್ಳೆಯದು.